ಪ್ರವಾಸದಲ್ಲಿ ಕಂಡದ್ದು ಮಗ್ಗಕ್ಕೆ ಬರುತ್ತಿಲ್ಲ

ಹಾಸುಹೊಕ್ಕು:

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ನೇಯುತ್ತಿದ್ದೇನೆ. ಉಡುವ ಬಟ್ಟೆಯಲ್ಲ, ಗೋಡೆಯ ಮೇಲೆ ತೂಗುಹಾಕುವ ನೇಯ್ಗೆ. ಹೆಚ್ಚಾಗಿ ಹತ್ತಿ, ಕೆಲವೊಮ್ಮೆ ಉಣ್ಣೆ. ಮೊದಲೆಲ್ಲ ಮಗ್ಗದ ಮುಂದೆ ಕುಳಿತರೆ ಸಾಕು, ಮುಂದಿನ ಕೆಲಸ ಹೊಳೆಯುತ್ತಿತ್ತು. ಎರಡು ವರ್ಷಗಳಿಂದ ಅದು ನಿಂತುಹೋಗಿದೆ. ಹಳೆಯದನ್ನೇ ಬಣ್ಣ ಬದಲಿಸಿ ನೇಯುತ್ತಿದ್ದೇನೆ ಎಂಬುದು ನನ್ನ ಕೈಗೇ ಗೊತ್ತಾಗುತ್ತಿತ್ತು. ಅದಕ್ಕಾಗಿಯೇ ಈ ಬಾರಿ ಎಲ್ಲವನ್ನೂ ಬಿಟ್ಟು ಮೂರು ವಾರ ತಿರುಗಾಡಲು ಹೋದೆ.

ಮೊದಲ ಹತ್ತು ದಿನ ಒಂದು ಕಡಲತೀರದಲ್ಲಿದ್ದೆ. ಇಳಿತದ ಹೊತ್ತಿಗೆ ನೀರು ಬಹುದೂರ ಸರಿದು, ಒದ್ದೆ ಮರಳಿನ ಬಯಲು ತೆರೆದುಕೊಳ್ಳುತ್ತಿತ್ತು. ಮರಳಿನ ತುಂಬ ಬೆರಳಗಲದ ಏಣುಗಳು. ಕೆಲವು ಕಡೆ ಎರಡು ಸೇರಿ ಒಂದಾಗಿ, ಕೆಲವು ಕಡೆ ಒಂದೇ ಕವಲೊಡೆದು ಎರಡಾಗಿ, ಕಣ್ಣು ಹರಿಯುವಷ್ಟು ದೂರ. ಏಣಿನ ಬೆನ್ನು ಒಣಗಿ ಬೂದು ಬಣ್ಣಕ್ಕೆ ತಿರುಗಿದ್ದರೆ, ಸಂದಿನಲ್ಲಿ ನಿಂತ ನೀರಿನಲ್ಲಿ ಆಕಾಶ ಇರುತ್ತಿತ್ತು. ದಿನವೂ ಬೆಳಿಗ್ಗೆ ಹೋಗಿ ನಿಲ್ಲುತ್ತಿದ್ದೆ. ದಿನವೂ ಹಿಂದಿನ ದಿನದ ಏಣುಗಳು ಅಳಿದು ಹೊಸವು ಮೂಡಿರುತ್ತಿದ್ದವು. ಇದನ್ನು ನೇಯಲೇಬೇಕು ಎಂದು ಅಲ್ಲಿಯೇ ನಿಶ್ಚಯಿಸಿದೆ.

ಉಳಿದ ದಿನಗಳು ಗುಡ್ಡಗಾಡಿನ ಒಂದು ಊರಿನಲ್ಲಿ ಕಳೆದವು. ಅಲ್ಲಿಯ ಹೆಂಗಸರದು ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗ. ಹಾಸಿನ, ಅಂದರೆ ಉದ್ದಕ್ಕೆ ಕಟ್ಟಿದ ಎಳೆಗಳ, ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಸೊಂಟದ ಪಟ್ಟಿಗೆ. ಮುಂದಕ್ಕೆ ಬಾಗಿದರೆ ಹಾಸು ಸಡಿಲ, ಹಿಂದಕ್ಕೆ ಒರಗಿದರೆ ಬಿಗಿ. ಒಬ್ಬ ಹಿರಿಯ ಹೆಂಗಸು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ದಿನ ಕಲಿಸಿದರು. ಅವರ ಬಟ್ಟೆಯ ಅಂಚಿನಲ್ಲಿದ್ದ ಒಂದು ಚಿತ್ತಾರವನ್ನು ಪುಸ್ತಕದಲ್ಲಿ ಬರೆದುಕೊಂಡೆ.

ಹಿಂದಿರುಗಿ ನಾಲ್ಕು ತಿಂಗಳಾಯಿತು. ನನ್ನ ಬಳಿ 1,400 ಫೋಟೋಗಳಿವೆ, ಮೂರು ಟಿಪ್ಪಣಿ ಪುಸ್ತಕಗಳಿವೆ. ಮಗ್ಗದಲ್ಲಿ ಮೂರು ತುಂಡು ನೇಯ್ದೆ. ಮೂರೂ ಕ್ಯಾಲೆಂಡರಿನ ಚಿತ್ರದಂತಿವೆ: ಕೆಳಗೆ ಮರಳು, ಮೇಲೆ ಆಕಾಶ, ನಡುವೆ ಬೂದು ಗೆರೆಗಳು. ಫೋಟೋ ನೋಡಿ ನೇಯ್ದದ್ದು ಆ ಫೋಟೋಗಿಂತಲೂ ಬಡವಾಗಿ ಕಾಣುತ್ತಿದೆ. ಮೂರನೆಯದನ್ನು ಅರ್ಧಕ್ಕೇ ಕತ್ತರಿಸಿ ತೆಗೆದುಬಿಟ್ಟೆ.

ಕೇಳಬೇಕಾದದ್ದು ಎರಡು. ಕಂಡದ್ದು ಚಿತ್ರವಾಗಿ ಉಳಿಯದೆ ನೇಯ್ಗೆಯೇ ಆಗಬೇಕಾದರೆ ಏನು ಮಾಡಬೇಕು? ಇನ್ನೊಂದು, ಆ ಹೆಂಗಸಿನ ಚಿತ್ತಾರವನ್ನು ನಾನು ಬಳಸಬಹುದೇ? ಕಲಿಸಿದವರು ಅವರೇ. ಆದರೆ ಪೆನ್ಸಿಲು ಹಿಡಿದಾಗ ನಾನು ಅವರನ್ನು ಕೇಳಿರಲಿಲ್ಲ.

ಹಳೆಮಗ್ಗ:

ಕತ್ತರಿಸಿದ ತುಂಡನ್ನು ಎಸೆಯಬೇಡಿ. ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ.

ನೀವು ಮರಳಿನ ಬಗ್ಗೆ ಬರೆದದ್ದನ್ನು ಮೂರು ಬಾರಿ ಓದಿದೆ. "ಎರಡು ಸೇರಿ ಒಂದಾಗಿ, ಒಂದೇ ಕವಲೊಡೆದು ಎರಡಾಗಿ" ಎಂದಿದ್ದೀರಿ. ಹಿಂದಿನ ದಿನದ್ದು ಅಳಿದು ಹೊಸದು ಮೂಡುತ್ತಿತ್ತು ಎಂದಿದ್ದೀರಿ. ಹತ್ತು ದಿನ ನಿಮ್ಮನ್ನು ಅಲ್ಲಿ ನಿಲ್ಲಿಸಿದ್ದು ನೀರು ಮರಳಿನ ಮೇಲೆ ಮಾಡುತ್ತಿದ್ದ ಕೆಲಸ. ಮಗ್ಗದ ಮುಂದೆ ಕುಳಿತಾಗ ಆ ಕೆಲಸವನ್ನು ಮರೆತು ಅದರ ಭಾವಚಿತ್ರ ನೇಯ್ದಿದ್ದೀರಿ. ಅದೇ ಕೆಲಸವನ್ನು ಬಟ್ಟೆಯಲ್ಲಿಯೂ ನೀರಿನಿಂದಲೇ ಮಾಡಿಸಬಹುದು.

ನೂಲಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಹುರಿ (ತಿರುಚು) ಹಾಕಿದರೆ ಅದು ತನ್ನ ಮೇಲೆ ತಾನೇ ಸುತ್ತಿಕೊಳ್ಳಲು ಹವಣಿಸುತ್ತಿರುತ್ತದೆ. ಗಂಜಿ ಹಾಕಿ ಬಿಗಿಯಾಗಿ ಒಣಗಿಸಿದರೆ ಸುಮ್ಮನಾಗುತ್ತದೆ. ಆ ನೂಲನ್ನು ಹೊಕ್ಕಾಗಿ, ಅಂದರೆ ಹಾಸಿನ ನಡುವೆ ಅಡ್ಡಲಾಗಿ ಹೋಗುವ ಎಳೆಯಾಗಿ, ಬಳಸಿ. ಹಾಸಿನಲ್ಲಿ ಸಾಮಾನ್ಯ ನೂಲೇ ಇರಲಿ. ಹಾಸಿನ ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯಂಥ ಹಣಿಗೆಯಲ್ಲಿ ಎಳೆಗಳನ್ನು ಸ್ವಲ್ಪ ಬಿಡಿಬಿಡಿಯಾಗಿ ತುಂಬಿ, ಹೊಕ್ಕನ್ನೂ ಹಗುರವಾಗಿ ಬಡಿಯಿರಿ. ಮಗ್ಗದ ಮೇಲೆ ಬಟ್ಟೆ ಚಪ್ಪಟೆಯಾಗಿಯೇ ಕಾಣುತ್ತದೆ. ಇಳಿಸಿ ಬೆಚ್ಚಗಿನ ನೀರಿನಲ್ಲಿ ಮುಳುಗಿಸಿದಾಗ ಗಂಜಿ ಬಿಟ್ಟು, ಹುರಿ ಎಚ್ಚೆತ್ತು, ಹೊಕ್ಕು ಕುಗ್ಗಿ, ಬಟ್ಟೆಯ ಉದ್ದಕ್ಕೂ ಏಣುಗಳು ಏಳುತ್ತವೆ. ಹೊಕ್ಕಿನ ಹುರಿಯೆಲ್ಲ ಒಂದೇ ದಿಕ್ಕಿನದಾಗಿದ್ದರೆ ಏಣುಗಳು ಹಾಸಿನ ದಿಕ್ಕಿನಲ್ಲಿ ಉದ್ದುದ್ದ ಸಾಗುತ್ತವೆ. ಬಲಹುರಿಯ ಎರಡೆಳೆ, ಎಡಹುರಿಯ ಎರಡೆಳೆ ಎಂದು ಬದಲಿಸುತ್ತ ಹೋದರೆ ಏಣು ಮುರಿದು ಸಣ್ಣ ಸಣ್ಣ ಹರಳಿನಂತಾಗುತ್ತದೆ. ಜಪಾನಿನ ಚಿರಿಮೆನ್ ರೇಷ್ಮೆ ಈ ಎರಡನೆಯ ಬಗೆಯದು. ನಿಮಗೆ ಮೊದಲನೆಯದು ಬೇಕು ಎಂದು ನನಗನ್ನಿಸುತ್ತದೆ.

ಅಗಲವನ್ನು ಧಾರಾಳವಾಗಿ ಇಟ್ಟುಕೊಳ್ಳಿ. ನಾನು 30 ಸೆಂ.ಮೀ. ಅಗಲ ನೇಯ್ದ ಮೊದಲ ಮಾದರಿ ನೀರಿನಿಂದ ಹೊರಬಂದಾಗ 19 ಸೆಂ.ಮೀ. ಇತ್ತು. ಯಾವ ಏಣು ಎಲ್ಲಿ ಕವಲೊಡೆಯಬೇಕೆಂದು ನಾವು ತೀರ್ಮಾನಿಸಲು ಆಗುವುದಿಲ್ಲ. ಮೂವತ್ತು ವರ್ಷ ನೇಯ್ದ ಮೇಲೂ ಆ ಒಂದು ಕ್ಷಣಕ್ಕಾಗಿ ನಾನು ಬೋಗುಣಿಯ ಪಕ್ಕದಲ್ಲಿ ಕಾದು ಕುಳಿತುಕೊಳ್ಳುತ್ತೇನೆ.

ಬಿಡುವಾದಾಗ ಆನಿ ಆಲ್ಬರ್ಸ್ ಅವರ ಕೆಲಸಗಳನ್ನು ನೋಡಿ. ಜರ್ಮನಿಯ ಬೌಹೌಸ್ ಶಾಲೆಯಲ್ಲಿ ನೇಯ್ಗೆ ಕಲಿತು 1933ರಲ್ಲಿ ಅಮೆರಿಕಕ್ಕೆ ಹೋದವರು. 1935ರಿಂದ ಮತ್ತೆ ಮತ್ತೆ ಮೆಕ್ಸಿಕೋಗೆ ಪ್ರಯಾಣ ಮಾಡಿದರು. ಅಲ್ಲಿಯ ಮಾಂಟೆ ಆಲ್ಬಾನ್ ಎಂಬ ಪ್ರಾಚೀನ ನಗರದ ಹೆಸರನ್ನೇ 1936ರ ಒಂದು ನೇಯ್ಗೆಗೆ ಇಟ್ಟಿದ್ದಾರೆ. ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ಕಟ್ಟಡಗಳಿರುವ ಊರು ಅದು. ಅವರ ಬಟ್ಟೆಯಲ್ಲಿ ಕಟ್ಟಡದ ಚಿತ್ರವಿಲ್ಲ, ಬೆಟ್ಟವಿಲ್ಲ. ಅಡ್ಡಪಟ್ಟಿಗಳ ನೆಲದ ಮೇಲೆ ಹೆಚ್ಚುವರಿ ಹೊಕ್ಕಿನ ಒಂದು ಎಳೆ ತೇಲುತ್ತ, ಮೂಲೆ ಮೂಲೆಯಾಗಿ ಏರುತ್ತ, ಇಳಿಯುತ್ತ ಹೋಗುತ್ತದೆ. ಅದನ್ನು ನೋಡಿದಾಗಲೆಲ್ಲ ನನ್ನ ಮೊಣಕಾಲಿಗೆ ಮೆಟ್ಟಿಲು ಹತ್ತಿದ ಅನುಭವವಾಗುತ್ತದೆ.

ನೀಲಿಬೆರಳು:

ನಾನು ನೇಯುವವಳಲ್ಲ, ನೂಲಿಗೆ ಬಣ್ಣ ಹಾಕುವವಳು. ಹಳೆಮಗ್ಗ ಅವರು ಹೇಳಿದ ಹುರಿಯ ವಿಚಾರಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಆ ನೂಲನ್ನು ಲಡಿಯಾಗಿ ಬಣ್ಣದ ಪಾತ್ರೆಗೆ ಹಾಕಬೇಡಿ. ಬಿಸಿನೀರಿನಲ್ಲಿಯೇ ಸುರುಳಿಗಟ್ಟಿ ಬಿಡಿಸಲಾಗದ ಗಂಟಾಗುತ್ತದೆ. ಹೊಕ್ಕು ಬಿಳಿಯಾಗಿಯೇ ಇರಲಿ, ಬಣ್ಣವನ್ನೆಲ್ಲ ಹಾಸಿಗೆಂದು ತೆಗೆದಿಟ್ಟ ನೂಲಿಗೆ ಹಾಕಿ.

ನಿಮಗೆ ಬೇಕಾದ ಬೂದು ಬಣ್ಣಕ್ಕೆ ನನ್ನದೊಂದು ಸಲಹೆ. ಹತ್ತಿಯ ನೂಲನ್ನು ಅಳಲೆಕಾಯಿಯ ರಸದಲ್ಲಿ ನೆನೆಸಿ ಒಣಗಿಸಿ. ಆಮೇಲೆ ತುಂಬ ತೆಳುವಾದ ಕಬ್ಬಿಣದ ನೀರಿನಲ್ಲಿ ಅದ್ದಿ. ಕಾಯಿಯ ಒಗರೂ ಕಬ್ಬಿಣವೂ ಸೇರಿದ ಕೂಡಲೇ ಬೂದು ಹುಟ್ಟುತ್ತದೆ. ಸ್ವಲ್ಪ ಹೆಚ್ಚಾದರೆ ಕಪ್ಪು. ಕಬ್ಬಿಣ ವರ್ಷಗಳು ಕಳೆದಂತೆ ನೂಲನ್ನು ತಿನ್ನುತ್ತದೆ, ಆದ್ದರಿಂದ ಆಸೆಪಡದೆ ಕಡಿಮೆ ಹಾಕಿ, ಚೆನ್ನಾಗಿ ಜಾಲಿಸಿ.

ಊರು ಬಟ್ಟೆಯೊಳಗೆ ಹೇಗೆ ಬರುತ್ತದೆ ಎಂಬುದು ನನಗೆ ಅರ್ಥವಾದದ್ದು ಕಛ್‌ನ ಅಜರಖ್‌ಪುರದಲ್ಲಿ. ಮರದ ಅಚ್ಚಿನಿಂದ ಬಟ್ಟೆಗೆ ಅಜರಖ್ ಎಂಬ ಚಿತ್ತಾರ ಹಾಕುವ ಖತ್ರಿ ಕುಟುಂಬಗಳು ಮೊದಲು ಧಮಡ್ಕಾ ಎಂಬ ಊರಿನಲ್ಲಿದ್ದವು. 2001ರ ಭೂಕಂಪದ ನಂತರ ಅಲ್ಲಿಯ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿತು. ನೀರಿನಲ್ಲಿ ಕಬ್ಬಿಣವಿದ್ದರೆ ಮಂಜಿಷ್ಠದ ಬೇರಿನಿಂದ ಬರುವ ಕೆಂಪು ಮಂಕಾಗುತ್ತದೆ. ಹಲವು ಕುಟುಂಬಗಳು ಒಳ್ಳೆಯ ನೀರನ್ನು ಹುಡುಕಿ ಭುಜ್ ನಗರದ ಹತ್ತಿರ ಹೊಸ ಊರನ್ನೇ ಕಟ್ಟಿಕೊಂಡವು. ಒಂದು ಕೆಂಪಿಗಾಗಿ ಜನ ಊರು ಬಿಟ್ಟರು ಎಂಬುದನ್ನು ಕೇಳಿದ ದಿನ ನನಗೆ ಮಾತೇ ಹೊರಡಲಿಲ್ಲ. ಅಂದಿನಿಂದ ಎಲ್ಲಿಗೆ ಹೋದರೂ ಮೊದಲು ನೀರನ್ನು ನೋಡುತ್ತೇನೆ. ಬಿಳಿ ಹತ್ತಿಯ ಒಂದು ಸಣ್ಣ ಲಡಿಯನ್ನು ಅಲ್ಲಿಯ ನೀರಿನಲ್ಲಿಯೇ ಅದ್ದಿ ತರುತ್ತೇನೆ.

ಫೋಟೋಗಳನ್ನು ಪೂರ್ತಿ ದೂರಬೇಡಿ. ಆಕಾರವನ್ನು ಅವು ಕಾಪಾಡುತ್ತವೆ. ಬಣ್ಣದ ವಿಷಯದಲ್ಲಿ ಮಾತ್ರ ನಂಬಬೇಡಿ. ನಾನು ಚೀಲದಲ್ಲಿ ಅರವತ್ತು ಬಗೆಯ ನೂಲಿನ ತುಣುಕುಗಳನ್ನು ಇಟ್ಟುಕೊಂಡಿರುತ್ತೇನೆ. ಕಂಡ ಜಾಗದಲ್ಲಿಯೇ ಕುಳಿತು, ಬೆರಳಗಲದ ರಟ್ಟಿಗೆ ಅಲ್ಲಿಯ ಬಣ್ಣಗಳನ್ನು ಅವು ಇರುವ ಪ್ರಮಾಣದಲ್ಲಿ ಸುತ್ತುತ್ತೇನೆ: ಹತ್ತು ಸುತ್ತು ಬೂದು, ಮೂರು ಸುತ್ತು ಕಂದು, ಒಂದೇ ಒಂದು ಸುತ್ತು ತಿಳಿನೀಲಿ. ಹಿಂದಿರುಗಿದ ಮೇಲೆ ಅದೊಂದು ರಟ್ಟು ನನಗೆ ನೂರು ಫೋಟೋಗಳಿಗಿಂತ ಹೆಚ್ಚು ಕೆಲಸಕ್ಕೆ ಬಂದಿದೆ.

ಕುಸುರಿ:

ಚಿತ್ತಾರದ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅವರನ್ನು ಕೇಳಿ. ನಾಲ್ಕು ದಿನ ಪಕ್ಕದಲ್ಲಿ ಕೂರಿಸಿಕೊಂಡವರು ಫೋನಿನಲ್ಲಿಯೂ ಮಾತನಾಡುತ್ತಾರೆ. ಅದು ಯಾರದು, ಯಾರು ನೇಯಬಹುದು, ಮಾರಬಹುದೇ ಎಂದು ಮೂರನ್ನೂ ಕೇಳಿ. ಗ್ವಾಟೆಮಾಲಾದಲ್ಲಿ ಮಾಯಾ ನೇಕಾರ ಮಹಿಳೆಯರು ತಮ್ಮ ವಿನ್ಯಾಸಗಳು ಸಮುದಾಯದ ಸ್ವತ್ತು ಎಂದು ಕಾನೂನು ಒಪ್ಪಬೇಕೆಂದು ಹೋರಾಡುತ್ತಿದ್ದಾರೆ. ನಮಗೆ ಅಂದವಾಗಿ ಕಂಡ ಗೆರೆ ಇನ್ನೊಬ್ಬರಿಗೆ ಹೆಸರು, ಮನೆತನ ಎಲ್ಲವೂ ಆಗಿರಬಹುದು.

ಹಾಗೆಂದು ಕಲಿತದ್ದನ್ನು ಮುಚ್ಚಿಡಬೇಕಾಗಿಲ್ಲ. ಆನಿ ಆಲ್ಬರ್ಸ್ 1965ರಲ್ಲಿ ಪ್ರಕಟವಾದ ತಮ್ಮ ನೇಯ್ಗೆಯ ಪುಸ್ತಕವನ್ನು ಪ್ರಾಚೀನ ಪೆರುವಿನ ನೇಕಾರರಿಗೆ, ಅವರನ್ನು ತಮ್ಮ ಗುರುಗಳೆಂದು ಕರೆದು ಅರ್ಪಿಸಿದ್ದಾರೆ. ಅಮೆರಿಕದ ನೇಯ್ಗೆ ಕಲಾವಿದೆ ಶೀಲಾ ಹಿಕ್ಸ್ 1966ರಲ್ಲಿ ಕೋಯಿಕ್ಕೋಡಿನ ಕೈಮಗ್ಗದ ಕಾರ್ಖಾನೆಯಲ್ಲಿ ಅಲ್ಲಿಯ ನೇಕಾರರ ಜೊತೆ ಕೆಲಸ ಮಾಡಿ ರೂಪಿಸಿದ ಒಂದು ದಪ್ಪ ಹತ್ತಿ ಬಟ್ಟೆಗೆ ಬಡಗರ ಎಂದು ಆ ಸೀಮೆಯ ಪಟ್ಟಣದ ಹೆಸರನ್ನೇ ಇಟ್ಟರು. ಅವರದೇ ಇನ್ನೊಂದು ಅಭ್ಯಾಸ ನಿಮಗೆ ಉಪಯೋಗವಾದೀತು. 1957–58ರಲ್ಲಿ ದಕ್ಷಿಣ ಅಮೆರಿಕ ಸುತ್ತಿದ ಕಾಲದಿಂದ ಕ್ಯಾನ್‌ವಾಸ್ ಬಿಗಿಯುವ ಮರದ ಚೌಕಟ್ಟಿಗೆ ಮೊಳೆ ಹೊಡೆದು, ಅದನ್ನೇ ಮಗ್ಗ ಮಾಡಿಕೊಂಡು, ಹೋದಲ್ಲೆಲ್ಲ ಪುಟ್ಟ ಪುಟ್ಟ ನೇಯ್ಗೆಗಳನ್ನು ಮಾಡುತ್ತ ಬಂದಿದ್ದಾರೆ. ಮುಂದಿನ ಬಾರಿ ಅಂಥದ್ದೊಂದು ಚೌಕಟ್ಟು ಒಯ್ಯಿರಿ. ಮರಳಿನ ಎದುರಿಗೇ ಕುಳಿತು ನೇಯ್ದಿದ್ದರೆ ಆಕಾಶವನ್ನು ನೇಯುವ ಯೋಚನೆ ನಿಮಗೆ ಬರುತ್ತಿರಲಿಲ್ಲ.

ಇನ್ನೊಂದು ಮಾತು. ಆ ಹಿರಿಯರು ನಿಮಗೆ ಕಲಿಸಿದ್ದು ಬಾಗುವುದು, ಒರಗುವುದು. ಅದನ್ನು ಬಳಸಲು ಯಾರ ಒಪ್ಪಿಗೆಯೂ ಬೇಕಾಗಿಲ್ಲ.

ಹಾಸುಹೊಕ್ಕು:

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಕೃತಜ್ಞತೆ.

ಫೋನ್ ಮಾಡಿದೆ. ಮೊಮ್ಮಗಳು ಎತ್ತಿಕೊಂಡು ಅಜ್ಜಿಗೆ ಕೊಟ್ಟಳು. ಆ ಚಿತ್ತಾರ ಅವರ ತಾಯಿಯ ಮನೆಯವರದಂತೆ. "ನೀನು ನೇಯ್ದುಕೋ, ಮಾರಬೇಡ" ಎಂದರು. ಅದು ನನ್ನ ಗೋಡೆಯ ಕೆಲಸಗಳಲ್ಲಿ ಬರುವುದಿಲ್ಲ. ನನಗಾಗಿ ಒಂದು ಕಿರಿದಾದ ಪಟ್ಟಿ ನೇಯ್ದುಕೊಂಡಿದ್ದೇನೆ, ಕಿಟಕಿಯ ಸರಳಿಗೆ ಹಾಸನ್ನು ಕಟ್ಟಿ, ಸೊಂಟದಿಂದಲೇ. ಎರಡು ಕಡೆ ತಪ್ಪಿದ್ದೇನೆ. ಬಿಚ್ಚಲಿಲ್ಲ.

ಹುರಿ ನೂಲಿನ ಮಾದರಿ 40 ಸೆಂ.ಮೀ. ಅಗಲವಿತ್ತು. ಹಾಸಿನಲ್ಲಿ ಎರಡು ಬೂದುಗಳು, ಅಳಲೆಕಾಯಿಯವು, ನಡುನಡುವೆ ತಿಳಿನೀಲಿಯ ಒಂಟಿ ಎಳೆಗಳು. ನೇಯುವಾಗ ಕುಸುರಿ ಅವರು ಹೇಳಿದ್ದು ತಲೆಯಲ್ಲಿತ್ತು. ನನ್ನ ಮಗ್ಗದಲ್ಲಿ ಒರಗಲು ಆಗುವುದಿಲ್ಲ, ಆದ್ದರಿಂದ ಕೆಲವು ಬೆರಳಗಲ ಬಿಗಿಯಾಗಿಯೂ ಕೆಲವು ಬೆರಳಗಲ ಸಡಿಲವಾಗಿಯೂ ಹೊಕ್ಕನ್ನು ಬಡಿದೆ. ನೀರಿಗೆ ಹಾಕಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಮೂಲೆ ಮುದುಡಿತು. ನೋಡುನೋಡುತ್ತಿದ್ದಂತೆ ಬಟ್ಟೆಯ ತುಂಬ ಏಣುಗಳು ಓಡಿದವು. ಸಡಿಲವಾಗಿ ನೇಯ್ದ ಕಡೆ ಒಂದಕ್ಕೊಂದು ಹತ್ತಿರ ಬಂದವು, ಬಿಗಿಯಾದ ಕಡೆ ತಗ್ಗಿ ಅಗಲವಾದವು, ಎರಡೂ ಸೇರುವಲ್ಲಿ ಕವಲೊಡೆದವು. ನೀಲಿ ಎಳೆಗಳು ಕೆಲವು ಕಡೆ ಸಂದಿನಲ್ಲಿ ಅಡಗಿಬಿಟ್ಟಿವೆ, ಬಾಗಿ ನೋಡಿದರೆ ಮಾತ್ರ ಕಾಣುತ್ತವೆ. ಬೋಗುಣಿಯ ಪಕ್ಕದಲ್ಲಿ ಕುಳಿತು ಅತ್ತೆ.

ಈಗ ಒಂದು ತೊಡಕು. ಮರಳಿನ ಏಣುಗಳು ಅಡ್ಡಲಾಗಿದ್ದವು, ಆದ್ದರಿಂದ ಬಟ್ಟೆಯನ್ನು ತಿರುಗಿಸಿ ತೂಗುಹಾಕಿದೆ. ಎರಡೇ ದಿನಗಳಲ್ಲಿ ಮೇಲಿನ ಏಣುಗಳು ಬಿಡಿಸಿಕೊಂಡು ಚಪ್ಪಟೆಯಾಗುತ್ತಿವೆ.

ಹಳೆಮಗ್ಗ:

ಓದಿ ಬಹಳ ಸಂತೋಷವಾಯಿತು.

ಅಡ್ಡಲಾಗಿ ತೂಗಿದಾಗ ಬಟ್ಟೆಯ ಭಾರವೆಲ್ಲ ಹೊಕ್ಕಿನ ಮೇಲೆ ಬೀಳುತ್ತದೆ. ಕುಗ್ಗಿದ ಹೊಕ್ಕು ಮತ್ತೆ ಹಿಗ್ಗುತ್ತದೆ, ಮೇಲ್ಭಾಗಕ್ಕೆ ಹೆಚ್ಚು ಭಾರವಾದ್ದರಿಂದ ಅಲ್ಲಿಂದಲೇ ಶುರುವಾಗುತ್ತದೆ. ಇನ್ನೊಮ್ಮೆ ನೀರಿನಲ್ಲಿ ನೆನೆಸಿ, ಎಳೆಯದೆ ಹಾಸಿ ಒಣಗಿಸಿ, ಏಣುಗಳು ಹಿಂದಿರುಗುತ್ತವೆ. ಇಸ್ತ್ರಿ ಮುಟ್ಟಿಸಬೇಡಿ. ಗೋಡೆಯ ಮೇಲೆಯೇ ಬೇಕೆಂದರೆ 20 ಸೆಂ.ಮೀ. ಎತ್ತರದ ತುಂಡುಗಳಾಗಿ ನೇಯ್ದು, ಒಂದೊಂದಕ್ಕೂ ಬೇರೆ ಕೋಲು ಕೊಟ್ಟು, ಕೋಲುಗಳನ್ನು ಗೋಡೆಗೇ ಬಿಗಿಯಿರಿ. ಮೇಲಿನದರ ಮೇಲೆ ಕೆಳಗಿನದರ ಭಾರ ಬೀಳಬಾರದು.

ನನ್ನನ್ನು ಕೇಳಿದರೆ ಗೋಡೆಯನ್ನೇ ಬಿಡಿ. ತಗ್ಗಾದ ಮರದ ಹಲಗೆಯ ಮೇಲೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಹಾಸಿಡಿ. ನೋಡುವವರು ಅದರ ಅಂಚಿನಲ್ಲಿ ನಿಂತು, ನೀವು ಆ ಹತ್ತು ಬೆಳಿಗ್ಗೆ ನಿಂತು ನೋಡಿದಂತೆ, ಕೆಳಗೆ ನೋಡಲಿ.