ಮೂಲವ್ಯಾಧಿ ಆಪರೇಷನ್ ಆದ ಮೇಲೆ ತಂದೆಯವರು ಊಟವನ್ನೇ ಬಿಟ್ಟಿದ್ದಾರೆ. ಮನೆಯಲ್ಲಿ ಆರೈಕೆ ಹೇಗೆ?

ಪ್ರಶ್ನೆ: ಕೊಟ್ಟಿಗೆಹಾರದ ತೋಟದ ಮನೆಯಿಂದ

ನಮ್ಮ ತಂದೆಯವರಿಗೆ ಅರವತ್ತು ದಾಟಿದೆ. ಹಲವು ವರ್ಷಗಳಿಂದ ಇದ್ದ ಮೂಲವ್ಯಾಧಿಯಿಂದ ರಕ್ತ ಹೋಗಿ ಹೋಗಿ ರಕ್ತಹೀನತೆಯೇ ಆಗಿದ್ದರಿಂದ, ಈ ವಾರದ ಆರಂಭದಲ್ಲಿ ಹಾಸನದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡಿಸಿದೆವು. ಲೇಸರ್ ಅಲ್ಲ; ಗಂಟುಗಳನ್ನು ಕತ್ತರಿಸಿ ತೆಗೆದು, ಗಾಯವನ್ನು ಹೊಲಿಯದೆ ಹಾಗೆಯೇ ಬಿಟ್ಟಿದ್ದಾರೆ. ಮರುದಿನವೇ ಡಿಸ್ಚಾರ್ಜ್ ಆಯಿತು. ಟ್ರಾಮಡಾಲ್ ಸೇರಿದ ನೋವಿನ ಮಾತ್ರೆ, ಲ್ಯಾಕ್ಟುಲೋಸ್ ಸಿರಪ್, ಇಸಬ್‌ಗೋಲ್ ಮತ್ತು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟಿದ್ದಾರೆ.

ತೊಂದರೆ ಏನೆಂದರೆ, ಅವರಿಗೆ ಇನ್ನೂ ಮಲವಿಸರ್ಜನೆ ಆಗಿಲ್ಲ, ಆಗುವುದು ಬೇಡವೆಂದೇ ಅವರು ಊಟ ಬಿಟ್ಟಿದ್ದಾರೆ. ಬೆಳಿಗ್ಗೆ ಅರ್ಧ ಲೋಟ ಗಂಜಿ, ಮಧ್ಯಾಹ್ನ ಎರಡು ತುತ್ತು ಮಜ್ಜಿಗೆ ಅನ್ನ, ಅಷ್ಟೇ. ನಮ್ಮಲ್ಲಿ ಮಳೆ ಹಿಡಿದು ಕೂತಿರುವುದರಿಂದ ಬಾಯಾರಿಕೆಯೂ ಇಲ್ಲ ಎನ್ನುತ್ತಾರೆ. ಬಿಸಿನೀರಿನ ಟಬ್ಬಿಗೆ ಅರಿಶಿನ, ಉಪ್ಪು, ಡೆಟಾಲ್ ಹಾಕಬೇಕೆಂದು ಬಂದವರೆಲ್ಲ ಒಂದೊಂದು ಹೇಳುತ್ತಿದ್ದಾರೆ. ಹೃದಯಕ್ಕೆಂದು ನಿತ್ಯ ನುಂಗುತ್ತಿದ್ದ ಆಸ್ಪಿರಿನ್ ಮಾತ್ರೆಯನ್ನು ಆಪರೇಷನ್ನಿಗೆ ಮೊದಲು ನಿಲ್ಲಿಸಿದ್ದರು. ಮತ್ತೆ ಯಾವಾಗ ಆರಂಭಿಸಬೇಕೆಂಬುದು ಚೀಟಿಯಲ್ಲಿ ಇಲ್ಲ. ಹಾಸನ ಇಲ್ಲಿಂದ ಎರಡು ಗಂಟೆಯ ದಾರಿ. ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಅರಸೀಕೆರೆಯಿಂದ

ನನಗೂ ಇದೇ ಬಗೆಯ ಆಪರೇಷನ್ ಆಗಿದೆ, ಆದ್ದರಿಂದ ನಿಮ್ಮ ತಂದೆಯವರ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅವರು ಹಿಡಿದಿರುವ ದಾರಿ ಅದೇ ನೋವನ್ನು ಹೆಚ್ಚಿಸುತ್ತದೆ. ಊಟ ಬಿಟ್ಟರೂ ಕರುಳಿನಲ್ಲಿ ಮಲ ತಯಾರಾಗುವುದು ನಿಲ್ಲುವುದಿಲ್ಲ. ಅದು ತಡವಾದಷ್ಟೂ ಅದರಲ್ಲಿನ ನೀರನ್ನು ದೊಡ್ಡಕರುಳು ಹೀರಿಕೊಳ್ಳುತ್ತಾ ಹೋಗುತ್ತದೆ, ಕೊನೆಗೆ ಹೊರಬರುವಾಗ ಅದು ಕಲ್ಲಿನಂತೆ ಗಟ್ಟಿಯಾಗಿ ಹಸಿ ಗಾಯವನ್ನು ಕೆರೆದುಕೊಂಡೇ ಬರುತ್ತದೆ. ದಿನವೂ ಮೆತ್ತಗೆ ಆಗುವುದೇ ಈ ಗಾಯಕ್ಕೆ ಬೇಕಾದ ಔಷಧಿ.

ಗಂಜಿಯಲ್ಲಿ ನಾರು ಇಲ್ಲವೆಂದೇ ಹೇಳಬಹುದು. ಮಲೆನಾಡಿನ ಮನೆಗಳಲ್ಲಿ ಬೆಳಿಗ್ಗೆ ಅಕ್ಕಿರೊಟ್ಟಿ ಇಲ್ಲವೇ ಕಡುಬು, ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ. ಮೂರು ಹೊತ್ತೂ ಅಕ್ಕಿಯೇ. ನಮ್ಮ ಬಯಲುಸೀಮೆಯ ಮುದ್ದೆಯನ್ನು ಕೆಲವು ವಾರಗಳ ಮಟ್ಟಿಗಾದರೂ ಅವರಿಗೆ ರೂಢಿ ಮಾಡಿಸಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇರುವುದಿಲ್ಲ. ಮುದ್ದೆ ನುಂಗಲು ಬಾರದಿದ್ದರೆ ರಾಗಿ ಅಂಬಲಿಯಾದರೂ ಆದೀತು. ಜೊತೆಗೆ ಖಾರ ಕಡಿಮೆ ಮಾಡಿದ ಸೊಪ್ಪಿನ ಸಾರು, ಹೆಸರುಕಾಳು, ಪರಂಗಿಹಣ್ಣು ಕೊಡಿ. ಜೀರಿಗೆ ಮೆಣಸಿನ ಉಪ್ಪಿನಕಾಯಿಯ ಜಾಡಿಯನ್ನು ಮಾತ್ರ ಅವರ ಕೈಗೆ ಸಿಗದ ಕಡೆ ಇಡಿ.

ಇಸಬ್‌ಗೋಲನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ನುಂಗಿ ಮಲಗುವ ಅಭ್ಯಾಸ ಹಲವರಿಗೆ ಇದೆ. ಅದು ನೀರನ್ನು ಹೀರಿ ಉಬ್ಬಿದರೆ ಮಾತ್ರ ಕೆಲಸ ಮಾಡುತ್ತದೆ; ನೀರು ಸಾಲದಿದ್ದರೆ ಅದೇ ಕಟ್ಟಿಕೊಳ್ಳುತ್ತದೆ. ತುಂಬಿದ ಲೋಟದಲ್ಲಿ ಕಲಸಿ, ಗಟ್ಟಿಯಾಗುವ ಮೊದಲೇ ಕುಡಿಸಿ, ಮೇಲೆ ಇನ್ನೊಂದು ಲೋಟ ನೀರು ಕೊಡಿ. ಬಾಯಾರಿಕೆ ಆಗಲಿ ಎಂದು ಕಾಯಬೇಡಿ. ಒಂದು ಫ್ಲಾಸ್ಕಿನಲ್ಲಿ ಬೆಚ್ಚಗಿನ ನೀರು ತುಂಬಿಸಿ ಮಂಚದ ಪಕ್ಕದಲ್ಲಿಟ್ಟು, ಸಂಜೆಯೊಳಗೆ ಅದು ಖಾಲಿಯಾಯಿತೇ ಎಂದು ನೋಡುವುದು ಸುಲಭ. ಕಾಫಿ ಬಿಡಿಸಬೇಕಾಗಿಲ್ಲ, ತೋಟದ ಮನೆಯಲ್ಲಿ ಅದನ್ನು ಬಿಡಿಸುವುದು ಆಗುವ ಮಾತೂ ಅಲ್ಲ.

ಉತ್ತರ 2: ಹಾಸನದಿಂದ, ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಳಾದ ನರ್ಸ್

ಅರಸೀಕೆರೆಯವರು ಊಟದ ವಿಷಯವನ್ನು ಸರಿಯಾಗಿ ಹೇಳಿದ್ದಾರೆ. ನಾನು ಮಾತ್ರೆ ಮತ್ತು ಗಾಯದ ವಿಷಯವನ್ನು ಹೇಳುತ್ತೇನೆ. ಗಾಯವನ್ನು ತೆರೆದು ಬಿಟ್ಟಿದ್ದಾರೆಂದು ಗಾಬರಿಪಡಬೇಡಿ. ಲಂಡನ್ನಿನ ಮಿಲ್ಲಿಗನ್ ಮತ್ತು ಮಾರ್ಗನ್ ಎಂಬ ವೈದ್ಯರು 1937ರಲ್ಲಿ ಪ್ರಕಟಿಸಿದ ಈ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಗಾಯ ಒಳಗಿನಿಂದ ತಾನಾಗಿ ತುಂಬಿಕೊಂಡು ಬರಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ; ಅಲ್ಲಿಯವರೆಗೆ ಸ್ವಲ್ಪ ನೀರು ಒಸರುವುದು, ಒರೆಸಿದಾಗ ರಕ್ತದ ಕಲೆ ಕಾಣುವುದು ಇದ್ದದ್ದೇ.

ನಿಮ್ಮ ಪಟ್ಟಿಯಲ್ಲಿ ಮಲಬದ್ಧತೆ ತರುವ ಮಾತ್ರೆಗಳು ಎರಡಿವೆ: ಟ್ರಾಮಡಾಲ್ ಮತ್ತು ಕಬ್ಬಿಣಾಂಶದ ಮಾತ್ರೆ. ಅದಕ್ಕಾಗಿಯೇ ಲ್ಯಾಕ್ಟುಲೋಸ್ ಕೊಟ್ಟಿರುವುದು. ಅದು ಕುಡಿದ ಕೂಡಲೇ ಕೆಲಸ ಮಾಡುವ ಔಷಧಿಯಲ್ಲ, ಒಂದೆರಡು ದಿನ ಬೇಕು. ಆದ್ದರಿಂದ ಒಂದು ಹೊತ್ತೂ ತಪ್ಪಿಸಬಾರದು. ನಾಳೆಯೊಳಗೂ ಮಲವಿಸರ್ಜನೆ ಆಗದಿದ್ದರೆ ಆಪರೇಷನ್ ಮಾಡಿದ ವೈದ್ಯರಿಗೆ ಫೋನ್ ಮಾಡಿ. ಟ್ರಾಮಡಾಲ್ ಬದಲು ಬೇರೆ ನೋವಿನ ಮಾತ್ರೆ ಸಾಕೇ, ಕಬ್ಬಿಣಾಂಶದ್ದನ್ನು ಕೆಲವು ದಿನ ಮುಂದೂಡಬಹುದೇ ಎಂದೂ ಕೇಳಿ. ನೀವೇ ಎನಿಮಾ ಕೊಡುವ ಸಾಹಸ ಮಾತ್ರ ಬೇಡ. ನೋವಿನ ಮಾತ್ರೆಯನ್ನು ನೋವು ಏರಿದ ಮೇಲೆ ಕೊಡುವುದಕ್ಕಿಂತ, ಚೀಟಿಯಲ್ಲಿರುವ ಹೊತ್ತಿಗೆ ಸರಿಯಾಗಿ ಕೊಡಿ. ಬೆಳಗಿನ ಮಾತ್ರೆ ಟಾಯ್ಲೆಟ್ಟಿಗೆ ಹೋಗುವ ಸುಮಾರು ಅರ್ಧ ಗಂಟೆ ಮೊದಲು ಬೀಳುವಂತೆ ನೋಡಿಕೊಂಡರೆ ಆ ಮೊದಲ ಸಲದ ಭಯ ಬಹಳಷ್ಟು ಇಳಿಯುತ್ತದೆ.

ಟಬ್ಬಿನ ನೀರಿಗೆ ಏನನ್ನೂ ಹಾಕಬೇಡಿ. ಡೆಟಾಲ್ ಹಸಿ ಮಾಂಸವನ್ನು ಸುಡುತ್ತದೆ. ಅರಿಶಿನ, ಉಪ್ಪು ಅಗತ್ಯವಿಲ್ಲ. ಹಂಡೆಯ ನೀರನ್ನು ಮೊಣಕೈ ಅದ್ದಿದರೆ ಹಿತವೆನಿಸುವಷ್ಟು ಬೆರೆಸಿ, ಅಗಲ ಬಾಯಿಯ ಬೇಸಿನ್ನಿನಲ್ಲಿ 10ರಿಂದ 15 ನಿಮಿಷ ಕೂರಿಸಿ. ದಿನಕ್ಕೆ ಮೂರು ನಾಲ್ಕು ಸಲ, ಅದರಲ್ಲೂ ಮಲವಿಸರ್ಜನೆಯಾದ ಕೂಡಲೇ. ಬಿಗಿದುಕೊಂಡ ಗುದದ ಸ್ನಾಯು ಸಡಿಲವಾಗುವುದರಿಂದಲೇ ನೋವು ತಗ್ಗುವುದು. ಏಳುವಾಗ ತಲೆ ಸುತ್ತಬಹುದು, ಒಬ್ಬರು ಕೈಹಿಡಿಯಲು ಇರಬೇಕು. ಆಮೇಲೆ ಉಜ್ಜದೆ, ಮೆತ್ತನೆಯ ಬಟ್ಟೆಯನ್ನು ಒತ್ತಿ ನೀರು ಆರಿಸಿ.

ಇನ್ನು ಆಸ್ಪಿರಿನ್. ಅದನ್ನು ಯಾವಾಗ ಆರಂಭಿಸಬೇಕೆಂಬುದನ್ನು ನಾನಾಗಲಿ ಇಲ್ಲಿ ಬರೆಯುವ ಇನ್ನಾರೇ ಆಗಲಿ ಹೇಳಬಾರದು. ಹೆಚ್ಚು ಕಾಲ ಬಿಟ್ಟರೆ ಹೃದಯಕ್ಕೆ ಅಪಾಯ, ಬೇಗ ಆರಂಭಿಸಿದರೆ ರಕ್ತಸ್ರಾವದ ಅಪಾಯ. ಇವತ್ತೇ ಫೋನ್ ಮಾಡಿ ಕೇಳಿ, ಉತ್ತರವನ್ನು ಚೀಟಿಯ ಮೇಲೆ ಬರೆದಿಟ್ಟುಕೊಳ್ಳಿ.

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಎರಡನೆಯ ವಾರದ ಬಗ್ಗೆ. ಒಂದು ವಾರ ಕಳೆದು ನೋವು ಇಳಿಯಿತು, ಎಲ್ಲ ಸರಿಹೋಯಿತು ಎನ್ನುವ ಹೊತ್ತಿಗೆ ಕೆಲವರಲ್ಲಿ ಒಮ್ಮೆಲೇ ರಕ್ತಸ್ರಾವ ಆಗುತ್ತದೆ. ಗೆಡ್ಡೆ ಗೆಡ್ಡೆಯಾಗಿ ರಕ್ತ ಬಂದರೆ, ಪ್ಯಾಡ್ ಪೂರ್ತಿ ನೆನೆದರೆ, ತಲೆ ಸುತ್ತಿ ಮೈ ಬೆವರಿದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಜ್ವರ ಬಂದು ನೋವು ಏರುತ್ತಾ ಹೋದರೆ, ಮೂತ್ರ ಕಟ್ಟಿದರೆ ಕೂಡ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಗಾಗುವುದುಂಟು, ಅದೊಂದಕ್ಕೇ ಹೆದರಬೇಡಿ. ಟಾರಿನಂತೆ ಅಂಟಂಟಾಗಿ ಕೆಟ್ಟ ವಾಸನೆ ಬಂದರೆ ಮಾತ್ರ ತಕ್ಷಣ ತೋರಿಸಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುವ ಜಾಗದಲ್ಲಿ ನೀವಿದ್ದೀರಿ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ನೆಂಟರ ಮನೆಯಿದ್ದರೆ ಆ ಒಂದು ವಾರ ಅವರನ್ನು ಅಲ್ಲಿ ಇರಿಸುವುದು ಕ್ಷೇಮವೆಂದು ನನ್ನ ಅಭಿಪ್ರಾಯ.

ಉತ್ತರ 3: ಚಿಕ್ಕಮಗಳೂರಿನಿಂದ

ಒಂದೆರಡು ಸಣ್ಣ ಮಾತು. ನಡುವೆ ತೂತಿರುವ ಗಾಳಿ ತುಂಬಿದ ರಿಂಗನ್ನು ಅಂಗಡಿಯವರು ಕೊಟ್ಟರೆ ಕೊಳ್ಳಬೇಡಿ. ಅದು ಗಾಯದ ಸುತ್ತಲಿನ ಚರ್ಮವನ್ನು ಎಳೆಯುತ್ತದೆ, ಮಾಮೂಲಿ ಮೆತ್ತನೆಯ ದಿಂಬೇ ಮೇಲು. ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಗಿಡ್ಡ ಮಣೆ ಇಡಿ. ಐದು ನಿಮಿಷದಲ್ಲಿ ಆಗದಿದ್ದರೆ ಮುಕ್ಕರಿಯದೆ ಎದ್ದು ಬರಲಿ. ಮೊಬೈಲ್ ಹೊರಗೇ ಇರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ವೈದ್ಯರಿಗೆ ಫೋನ್ ಮಾಡಿದೆ; ನೋವಿನ ಮಾತ್ರೆಯನ್ನು ಬದಲಿಸಿದ್ದಾರೆ, ಆಸ್ಪಿರಿನ್ ಆರಂಭಿಸುವ ದಿನವನ್ನೂ ತಿಳಿಸಿದ್ದಾರೆ. ತಂದೆಯವರು ಅಂಬಲಿಗೆ ಒಪ್ಪಿದರು, ಮುದ್ದೆಗೆ ಒಪ್ಪಲಿಲ್ಲ. ಮುಂದಿನ ವಾರ ಹಾಸನದ ಅತ್ತೆಯ ಮನೆಯಲ್ಲಿ ಇರುತ್ತಾರೆ. ಅವರದೇ ಒಂದು ಪ್ರಶ್ನೆ ಇದೆ: ಜೀಪು ಓಡಿಸುವುದು ಯಾವಾಗ?

ಉತ್ತರ 2ರ ನರ್ಸ್

ನೋವಿಲ್ಲದೆ ಕೂತು, ಹಠಾತ್ತನೆ ಬ್ರೇಕ್ ಒತ್ತುವಂತಾಗಬೇಕು, ನಿದ್ದೆ ಬರಿಸುವ ಮಾತ್ರೆ ನಿಂತಿರಬೇಕು. ಆದರೆ ತೋಟದ ಕಲ್ಲುದಾರಿಯಲ್ಲಿ ಜೀಪು ಎತ್ತಿ ಹಾಕುವುದನ್ನು ನೆನೆದರೆ, ಗಾಯ ಒಣಗಿದೆಯೆಂದು ವೈದ್ಯರು ನೋಡಿ ಹೇಳುವವರೆಗೆ ಬೇಡವೆನ್ನುತ್ತೇನೆ. ಕಾಫಿ ಮೂಟೆ ಎತ್ತುವುದಕ್ಕೂ ಅದೇ ಉತ್ತರ. ಅಂಗಳದಲ್ಲಿ ನಿಧಾನವಾಗಿ ನಡೆದಾಡಲು ಇವತ್ತೇ ಆರಂಭಿಸಲಿ, ಕರುಳಿಗೂ ಒಳ್ಳೆಯದು.