ಚೆಕ್ ಎಂಜಿನ್ ದೀಪ ಹೊತ್ತಿದೆ: ಹೇಳಿದ ಭಾಗಗಳನ್ನೆಲ್ಲ ಬದಲಿಸಲೇಬೇಕೇ?

ಪ್ರಶ್ನೆ (ವಿಜಯನಗರದಿಂದ)

ನಮ್ಮದು 2016ರ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಸುಮಾರು 70 ಸಾವಿರ ಕಿಲೋಮೀಟರ್ ಓಡಿದೆ. ಹೋದ ವಾರದಿಂದ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಉರಿಯುತ್ತಲೇ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ಸಣ್ಣಗೆ ನಡುಗುತ್ತದೆ, ಸುಮನಹಳ್ಳಿ ಮೇಲ್ಸೇತುವೆ ಏರುವಾಗ ಪಿಕಪ್ ಸಾಲದು. ಒಂದು ಸರ್ವಿಸ್ ಸೆಂಟರಿನವರು ಸ್ಕ್ಯಾನ್ ಮಾಡಿ, ನಾಲ್ಕೂ ಇಗ್ನಿಷನ್ ಕಾಯಿಲ್ ಮತ್ತು ಆಕ್ಸಿಜನ್ ಸೆನ್ಸರ್ ಬದಲಿಸಿ ಇಂಜೆಕ್ಟರ್ ಕ್ಲೀನ್ ಮಾಡಬೇಕೆಂದು ಹೇಳಿ, 28 ಸಾವಿರ ರೂಪಾಯಿಯ ಅಂದಾಜು ಪಟ್ಟಿ ಕೊಟ್ಟಿದ್ದಾರೆ. ಇದೆಲ್ಲ ನಿಜವಾಗಿಯೂ ಅಗತ್ಯವೇ ಎಂದು ತಿಳಿಯುವ ಬಗೆ ಹೇಗೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಬಸವನಗುಡಿಯಿಂದ)

ಮೊದಲು ಒಂದು ಮಾತು. ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಗಾಡಿಯನ್ನು ನಿಧಾನವಾಗಿ ಗ್ಯಾರೇಜಿನವರೆಗೆ ಓಡಿಸಬಹುದು. ಮಿನುಗತೊಡಗಿದರೆ ಪಕ್ಕಕ್ಕೆ ಹಾಕಿ ನಿಲ್ಲಿಸಿ. ಮಿನುಗುವುದೆಂದರೆ ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ತೀವ್ರವಾಗಿದೆ ಎಂದರ್ಥ, ಆಗ ಉರಿಯದೆ ಉಳಿದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಸುಟ್ಟುಹಾಕುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಲೋಹಗಳಿರುವ ಆ ಭಾಗದ ಬೆಲೆಯ ಮುಂದೆ ಈಗಿನ ಅಂದಾಜು ಪಟ್ಟಿ ಸಣ್ಣದೆನಿಸೀತು.

ಇನ್ನು, ಸ್ಕ್ಯಾನರಿನಲ್ಲಿ ಬಂದ ದೋಷದ ಕೋಡ್ ಯಾವುದೆಂದು ಅವರಿಂದ ಬರೆಸಿಕೊಂಡಿರಾ? ಇಲ್ಲವಾದರೆ ಸ್ಟೀರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ ಕಾರಿನ ಕಂಪ್ಯೂಟರಿನಿಂದ ಆ ಕೋಡ್ ಓದಲು 16 ಪಿನ್ನಿನ ಒಬಿಡಿ ಪೋರ್ಟ್ ಇರುತ್ತದೆ. ಬ್ಲೂಟೂತ್ ರೀಡರ್ ಒಂದನ್ನು ಅದಕ್ಕೆ ಸಿಕ್ಕಿಸಿ ಮೊಬೈಲಿನಲ್ಲಿಯೇ ಓದಿಕೊಳ್ಳಬಹುದು. ಕೋಡ್ ಬರೆದುಕೊಳ್ಳುವ ಮೊದಲು ಯಾರಿಗೂ ಅದನ್ನು ಅಳಿಸಲು ಅಥವಾ ಬ್ಯಾಟರಿ ಬಿಚ್ಚಲು ಬಿಡಬೇಡಿ, ಏಕೆಂದರೆ ದೋಷ ಕಂಡ ಕ್ಷಣದ ಆರ್‌ಪಿಎಂ, ಎಂಜಿನ್ನಿನ ಶಾಖ, ವೇಗ ಇವೆಲ್ಲ ಕೋಡಿನ ಜೊತೆಯಲ್ಲೇ ದಾಖಲಾಗಿರುತ್ತವೆ ಮತ್ತು ಅದರ ಜೊತೆಗೇ ಅಳಿದುಹೋಗುತ್ತವೆ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಸ್ನೇಹಿತರ ರೀಡರಿನಲ್ಲಿ ನೋಡಿದೆ. ಇರುವುದು ಒಂದೇ ಕೋಡ್, ಪಿ0303.

ಉತ್ತರ (ಬಸವನಗುಡಿಯಿಂದ)

ಹಾಗಾದರೆ ತೊಂದರೆ ಇರುವುದು ಮೂರನೆಯ ಸಿಲಿಂಡರಿನ ಮಿಸ್‌ಫೈರ್‌ನಲ್ಲಿ ಮಾತ್ರ. ಯಾವ ಭಾಗ ಕೆಟ್ಟಿದೆಯೆಂದು ಈ ಕೋಡ್ ಹೇಳುವುದಿಲ್ಲ. ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್, ಕಿಡಿ ಹಾರಿಸುವ ಪ್ಲಗ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಸಿಲಿಂಡರಿನೊಳಗಿನ ಒತ್ತಡ (ಕಂಪ್ರೆಷನ್) ಯಾವುದೂ ಕಾರಣವಾಗಿರಬಹುದು. ಆದರೆ ಉಳಿದ ಮೂರು ಸಿಲಿಂಡರುಗಳ ಮೇಲೆ ದೂರೇ ಇಲ್ಲದಿರುವಾಗ ನಾಲ್ಕೂ ಕಾಯಿಲ್ ಏಕೆ ಬದಲಿಸಬೇಕು? ಆಕ್ಸಿಜನ್ ಸೆನ್ಸರಿನ ಮಾತೂ ನನಗೆ ಒಪ್ಪಿಗೆಯಿಲ್ಲ. ಒಂದು ಸಿಲಿಂಡರಿನಲ್ಲಿ ಇಂಧನ ಉರಿಯದಿದ್ದರೆ ಅಲ್ಲಿನ ಆಮ್ಲಜನಕ ಬಳಕೆಯಾಗದೆ ಹೊಗೆಯ ಜೊತೆ ಹೊರಗೆ ಬರುತ್ತದೆ. ಅದನ್ನು ಕಂಡು ಸೆನ್ಸರ್ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಇದೆಯೆಂದು ವರದಿ ಮಾಡುತ್ತದೆ. ಅದು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ ಎಂಬುದಕ್ಕೇ ಇದು ಸಾಕ್ಷಿ.

ಮಾಡಬೇಕಾದ ಪರೀಕ್ಷೆಗೆ ಖರ್ಚೇ ಇಲ್ಲ. ಎಂಜಿನ್ ತಣ್ಣಗಾದ ಮೇಲೆ, ಕೀ ತೆಗೆದು, ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿಸಿ, ಕೋಡ್ ಅಳಿಸಿ, ಸ್ವಲ್ಪ ದೂರ ಓಡಿಸಿ. ಕೋಡ್ ಪಿ0302 ಆಗಿ ಬದಲಾದರೆ ದೋಷ ಕಾಯಿಲ್‌ನ ಜೊತೆಯಲ್ಲೇ ಹೋಯಿತೆಂದು ಖಚಿತ. ಪಿ0303 ಆಗಿಯೇ ಉಳಿದರೆ ಪ್ಲಗ್‌ಗಳನ್ನೂ ಹಾಗೆಯೇ ಅದಲುಬದಲು ಮಾಡಿಸಿ ನೋಡಿ, ಅದಾದ ಮೇಲೆ ಇಂಜೆಕ್ಟರ್ ಮತ್ತು ಕಂಪ್ರೆಷನ್ ಕಡೆಗೆ ಹೋಗಿ. ಕನೆಕ್ಟರಿನ ಪ್ಲಾಸ್ಟಿಕ್ ಕೊಂಡಿ ಹಳೆಯ ಗಾಡಿಗಳಲ್ಲಿ ಬಲು ಬೇಗ ಮುರಿಯುತ್ತದೆ, ಆದ್ದರಿಂದ ವೈರ್ ಹಿಡಿದು ಎಳೆಯದಂತೆ ಮೆಕ್ಯಾನಿಕ್‌ಗೆ ಹೇಳಿ.

ಪ್ರಶ್ನೆ ಕೇಳಿದವರು

ಮನೆಯ ಹತ್ತಿರದ ಮೆಕ್ಯಾನಿಕ್ ಒಬ್ಬರಿಂದ ಹಾಗೆಯೇ ಮಾಡಿಸಿದೆ. ಕೋಡ್ ಪಿ0302ಕ್ಕೆ ಬದಲಾಯಿತು. ಮೂರನೆಯ ಸಿಲಿಂಡರಿನಿಂದ ತೆಗೆದ ಕಾಯಿಲ್‌ನ ರಬ್ಬರಿಗೆ ಎಂಜಿನ್ ಆಯಿಲ್ ಅಂಟಿತ್ತು, ಪ್ಲಗ್ ಕೂರುವ ಗುಂಡಿಯಲ್ಲಿಯೂ ಸ್ವಲ್ಪ ನಿಂತಿತ್ತು. ಹೊಸ ಕಾಯಿಲ್ ಒಂದನ್ನು ಹಾಕಿಸಿದರೆ ಸಾಕೇ?

ಉತ್ತರ (ಯಶವಂತಪುರದಿಂದ)

ನಾನು ಗ್ಯಾರೇಜ್ ನಡೆಸುವವನಾದ್ದರಿಂದ ಇಷ್ಟು ಹೇಳಬಲ್ಲೆ: ಅಷ್ಟಕ್ಕೇ ನಿಲ್ಲಿಸಬೇಡಿ. ಆ ಆಯಿಲ್ ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲ್ಮುಚ್ಚಳ) ಪ್ಯಾಕಿಂಗಿನಿಂದಲೋ ಪ್ಲಗ್ ಗುಂಡಿಯ ಸುತ್ತಲಿನ ಸೀಲಿನಿಂದಲೋ ಇಳಿದಿದೆ. ಆಯಿಲ್‌ನಲ್ಲಿ ನೆಂದ ರಬ್ಬರ್ ಮೆತ್ತಗಾಗಿ, ಕಿಡಿ ಪ್ಲಗ್ಗಿಗೆ ಹೋಗದೆ ಪಕ್ಕದ ಲೋಹಕ್ಕೆ ಹಾರುತ್ತದೆ. ಸೋರಿಕೆ ನಿಲ್ಲಿಸದೆ ನಾಲ್ಕು ಹೊಸ ಕಾಯಿಲ್ ಹಾಕಿದ್ದರೂ ಮೂರನೆಯದು ಮತ್ತೆ ಕೆಡುತ್ತಿತ್ತು. ಅಂದಾಜು ಪಟ್ಟಿಯಲ್ಲಿ ಪ್ಯಾಕಿಂಗಿನ ಹೆಸರೇ ಇಲ್ಲದಿರುವುದು ನನಗೆ ಬೇಸರ ತಂದಿದೆ. ಕಾಯಿಲ್ ಬಿಚ್ಚಿ ನೋಡಿದ್ದರೆ ಅದು ಕಾಣದೆ ಇರುತ್ತಿರಲಿಲ್ಲ.

ಒಂದು ಕಾಯಿಲ್, ಪ್ಯಾಕಿಂಗ್ ಮತ್ತು ಸೀಲುಗಳ ಸೆಟ್ಟು, ಇಷ್ಟು ತನ್ನಿ. ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಹಳೆಯ ಕಾಯಿಲನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಅದರ ಮೇಲಿನ ಪಾರ್ಟ್ ನಂಬರ್ ತಾಳೆ ನೋಡಿ, ಬಿಲ್ ಕೇಳಿ ಪಡೆಯಿರಿ. ಕಾಯಿಲ್ ವಿಷಯದಲ್ಲಿ ಅಗ್ಗದ ನಕಲಿಗೆ ಕೈ ಹಾಕಬೇಡಿ. ಪ್ಲಗ್‌ಗಳು ಇರಿಡಿಯಂ ಅಲ್ಲದ ಸಾಮಾನ್ಯ ಬಗೆಯವಾಗಿದ್ದು ಈವರೆಗೆ ಬದಲಾಗಿಲ್ಲವಾದರೆ, 70 ಸಾವಿರ ಕಿಲೋಮೀಟರಿಗೆ ನಾಲ್ಕನ್ನೂ ಬದಲಿಸುವುದು ನ್ಯಾಯವಾದ ಖರ್ಚು. ಪ್ಲಗ್ ಬಿಚ್ಚುವ ಮೊದಲು ಗುಂಡಿಯಲ್ಲಿ ನಿಂತ ಆಯಿಲನ್ನು ಬಟ್ಟೆಯಿಂದ ಪೂರ್ತಿ ಹೀರಿಸಿ ತೆಗೆಯಬೇಕು, ಇಲ್ಲದಿದ್ದರೆ ಅದು ಕೊಳೆಯ ಸಮೇತ ನೇರವಾಗಿ ಸಿಲಿಂಡರಿನೊಳಗೆ ಇಳಿಯುತ್ತದೆ.