ಕೊಟೇಶನ್ ಮೇಲಿನ ವಾಟರ್‌ಮಾರ್ಕ್: ಕರಡು, ಕಚ್ಚಾ, ಮಂಜೂರಿ ಬಾಕಿ?

ಎಲ್ಲರಿಗೂ ಶರಣು.

ಕಲಬುರಗಿಯ ಒಂದು ದಾಲ್ ಮಿಲ್ಲಿಗೆ ಇಆರ್‌ಪಿನೆಕ್ಸ್ಟ್ ಎಂಬ, ವ್ಯಾಪಾರದ ಬಿಲ್ಲು-ಲೆಕ್ಕ ನೋಡಿಕೊಳ್ಳುವ ತಂತ್ರಾಂಶವನ್ನು ಕನ್ನಡದಲ್ಲಿ ಹೊಂದಿಸಿಕೊಡುತ್ತಿದ್ದೇನೆ. ತೊಗರಿಬೇಳೆಯ ದರ ಮುಂಜಾನೆ ಒಂದಿದ್ದರೆ ಸಂಜೆಗೆ ಇನ್ನೊಂದು. ಮಾಲೀಕರು ಒಪ್ಪುವ ಮೊದಲೇ ಕೊಟೇಶನ್ ವಾಟ್ಸಾಪ್‌ನಲ್ಲಿ ಹೋಗಿಬಿಟ್ಟರೆ ಗಿರಾಕಿ ಅದೇ ದರಕ್ಕೆ ಪಟ್ಟು ಹಿಡಿಯುತ್ತಾನೆ. ಸಬ್‌ಮಿಟ್ ಆಗದ, ಅಂದರೆ ಇನ್ನೂ ಅಂತಿಮಗೊಳಿಸದ ಪ್ರತಿಗೆ 'ಡ್ರಾಫ್ಟ್' ಎಂಬ ತಲೆಬರಹ ಹಾಕುವ ಸೌಲಭ್ಯ ತಂತ್ರಾಂಶದಲ್ಲೇ ಇದೆ. ಆದರೆ ತಲೆಬರಹ ಕಣ್ಣಿಗೆ ಬೀಳುವುದಿಲ್ಲ, ಎಲ್ಲರೂ ನೇರವಾಗಿ ದರ ನೋಡುತ್ತಾರೆ. ಅದಕ್ಕೇ ದರದ ಸಾಲುಗಳ ಮೇಲೆಯೇ ಓರೆಯಾಗಿ, ಮಸುಕು ಅಕ್ಷರದಲ್ಲಿ ವಾಟರ್‌ಮಾರ್ಕ್ ಆಗಿ ಒಂದು ಮಾತು ಬೇಕು. ಯಾವುದು?

ಇಲ್ಲಿನವರ ಬಾಯಲ್ಲಿ ಮೊದಲು ಬರುವುದು 'ಕಚ್ಚಾ'. ಆದರೆ ಗಂಜ್‌ನ (ಸಗಟು ಮಾರುಕಟ್ಟೆಯ) ವ್ಯವಹಾರದಲ್ಲಿ ಕಚ್ಚಾ ಚೀಟಿ ಎಂದರೆ ಲೆಕ್ಕಪುಸ್ತಕಕ್ಕೆ ಬಾರದ ಚೀಟಿ, ಪಕ್ಕಾ ಬಿಲ್ಲು ಎಂದರೆ ಜಿಎಸ್‌ಟಿ ಹಚ್ಚಿದ್ದು. ಮಾದರಿ ಪ್ರತಿ ನೋಡಿದ ವ್ಯಾಪಾರಿಯೊಬ್ಬರು, "ಕಚ್ಚಾ ಅಂತ ಬರದೀರಿ, ಹಂಗಾದ್ರ ಜಿಎಸ್‌ಟಿ ಹಚ್ಚಂಗಿಲ್ಲೇನ್ರಿ?" ಎಂದರು. ಆ ಪದ ಅಲ್ಲಿಗೇ ಬಿತ್ತು. ಮೇಲಾಗಿ ಮಸುಕು ಬೂದು ಬಣ್ಣದಲ್ಲಿ ಓರೆಯಾಗಿ ಅಚ್ಚಾದಾಗ 'ಚ್ಚಾ'ದ ಒತ್ತು ಕೆಳಗಿನ ಅಂಕಿಗಳಲ್ಲಿ ಕಲೆತುಹೋಗುತ್ತದೆ.

'ಕರಡು' ಒತ್ತಿಲ್ಲದ ಪದ, ಅಚ್ಚಿನಲ್ಲಿ ಚೊಕ್ಕಟವಾಗಿ ಕಾಣುತ್ತದೆ. ಕರಡು ಮತದಾರರ ಪಟ್ಟಿಯಿಂದಾಗಿ ಎಲ್ಲರಿಗೂ ಗೊತ್ತು. ನನ್ನ ತೊಡಕು ಅಲ್ಲೇ ಇದೆ. ಸರ್ಕಾರಿ ಕರಡನ್ನು ಪ್ರಕಟಿಸುವುದೇ ಜನ ಆಕ್ಷೇಪಣೆ ಸಲ್ಲಿಸಲಿ ಎಂದು. ಕೊಟೇಶನ್ನಿನ ಮೇಲೆ ಅದೇ ಪದ ಕಂಡರೆ 'ಇನ್ನೂ ಚೌಕಾಶಿ ಮಾಡಬಹುದು' ಎಂದು ಗಿರಾಕಿ ಓದಿಕೊಂಡಾನು. ನಾವು ಹೇಳಬೇಕಾದದ್ದು ಬೇರೆ: ಈ ಹಾಳೆ ಇನ್ನೂ ಒಳಗಿನದು, ಮಾಲೀಕರ ಒಪ್ಪಿಗೆ ಬಂದಿಲ್ಲ, ಇದನ್ನು ನಂಬಿ ಮಾಲು ಎತ್ತಬೇಡಿ.

ಹಾಗಾಗಿ ನನ್ನ ಒಲವು 'ಮಂಜೂರಿ ಬಾಕಿ' ಕಡೆಗಿದೆ. ಎರಡೂ ನಮ್ಮ ಭಾಗದಲ್ಲಿ ದಿನಬಳಕೆಯ ಮಾತು, ಒತ್ತಕ್ಷರವೂ ಇಲ್ಲ. 'ಅನುಮೋದನೆಗೊಂಡಿಲ್ಲ' ಎಂದರೆ ಅರ್ಥ ಸರಿಯೇ, ಆದರೆ ಅಷ್ಟುದ್ದದ ಪದ ಪುಟದ ಅಂಚು ದಾಟುತ್ತದೆ.

ಒಂದು ಅನುಮಾನ ಮಾತ್ರ ಉಳಿದಿದೆ. ಮಂಜೂರಿ ಎಂದೊಡನೆ ಸಾಲ, ಸೈಟು, ಸರ್ಕಾರಿ ಹಣ ನೆನಪಾಗುತ್ತವೆ. ಮಾಲೀಕರು ದರಕ್ಕೆ ಕೊಡುವ ಒಪ್ಪಿಗೆಗೂ ಅದು ಸಲ್ಲುತ್ತದೆಯೇ? ಬೀದರ್, ಯಾದಗಿರಿ ಕಡೆಯ ಅಂಗಡಿ ಲೆಕ್ಕ ಬರೆಯುವವರು ಇಂಥ ಹಾಳೆಗೆ ಏನೆನ್ನುತ್ತಾರೆ, ದಯವಿಟ್ಟು ತಿಳಿಸಿ.